ಹತ್ತು ಕೆಂಪು ಚುಕ್ಕೆಗಳು

ಹನ್ನೊಂದನೇ ತಾರೀಖು, ಭಾನುವಾರ
ಮಧ್ಯಾಹ್ನ

ಪ್ರೀತಿಯ ಅಮ್ಮನಿಗೆ,

ನಿನ್ನ ಪತ್ರ ಬಂದು ಹತ್ತು ದಿನವಾಯಿತು. ಉತ್ತರ ಬರೆಯಲು ಕುಳಿತದ್ದು ಇದು ನಾಲ್ಕನೇ ಸಲ. ಹಿಂದಿನ ಮೂರರಲ್ಲೂ ನಾನು ಚೆನ್ನಾಗಿದ್ದೇನೆ, ಅತ್ತೆಯ ಮಂಡಿನೋವು ಕಡಿಮೆಯಾಗಿದೆ, ಮನೆಯ ಮಾಲೀಕರು ತಿಂಗಳ ಕೊನೆಯವರೆಗೆ ಸಮಯ ಕೊಟ್ಟಿದ್ದಾರೆ ಎಂದೆಲ್ಲ ಬರೆದಿದ್ದೆ. ಎಲ್ಲವೂ ನಿಜವೇ. ಆದರೆ ತಿರುಗಿ ಓದಿದರೆ ಹಾಸ್ಟೆಲಿನ ಹುಡುಗಿ ವಾರ್ಡನ್‌ಗೆ ಬರೆದ ಹಾಗಿತ್ತು. ಹರಿದು ಹಾಕಿದೆ.

ನೀನು ಕೇಳಿದ್ದು ಒಂದೇ ಪ್ರಶ್ನೆ. ಮನೆ ಖಾಲಿ ಮಾಡುವ ಮೊದಲು ಒಂದು ಸಲ ಬಾ ಎಂದು ಕರೆಯುತ್ತೀಯಲ್ಲ, ಅಲ್ಲಿ ನನ್ನದು ಅಂತ ಏನಿದೆ ಎಂದು. ಹೋದ ವರ್ಷ ರಜೆಗೆ ನಿನ್ನ ಬಳಿ ಬಂದಿದ್ದಾಗ, ನಿನ್ನ ಹೊಲಿಗೆ ತರಗತಿ ಮುಗಿದ ಮೇಲೆ, ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕುಳಿತು ನೀನು ಮೊದಲ ಬಾರಿಗೆ ಅಪ್ಪನ ಮಾತು ಎತ್ತಿದ್ದೆ. ಹೋಗಬೇಡ ಅಂತ ಒಂದೇ ಒಂದು ಮಾತು ಅಂದಿದ್ದರೆ ಇದ್ದುಬಿಡುತ್ತಿದ್ದೆ, ಕೇಳಿಯೂ ಕೇಳದ ಹಾಗೆ ಕುಳಿತರಲ್ಲ, ಅದನ್ನು ಮಾತ್ರ ಮರೆಯಲಾರೆ ಅಂದಿದ್ದೆ. ಆಮೇಲೆ ಬಸ್ಸು ಬಂತು. ಏಳು ತಿಂಗಳ ಹಿಂದೆ ಅಪ್ಪ ತೀರಿಹೋದಾಗಲೂ ನೀನು ಗೇಟಿನವರೆಗೆ ಬಂದು, ಒಳಗೆ ಕಾಲಿಡದೆ, ನನ್ನ ತಲೆ ಸವರಿ ಹಿಂತಿರುಗಿದೆ.

ಅಮ್ಮಾ, ಇಲ್ಲಿ ನಿನ್ನದು ಒಂದಿದೆ. ನೀನು ನಗುತ್ತೀಯ ಅಂತ ಗೊತ್ತು. ಅಪ್ಪನ ಈಕ್ವಲೈಜರ್.

ನಿನ್ನ ಬಾಯಲ್ಲಿ ಅದು ‘ಬಾಚಣಿಗೆ’. ಸೋಲ್ಡರ್ ಮಾಮನ ರೇಡಿಯೋ ರಿಪೇರಿ ಅಂಗಡಿಯಲ್ಲಿದ್ದ ಮೂರರಲ್ಲಿ ಅತಿ ಅಗ್ಗದ್ದನ್ನು, ಮುಚ್ಚಳ ಒಂದು ಕಡೆ ತಗ್ಗಿದ್ದನ್ನು, ಅಪ್ಪ ಹಳೆ ಟವೆಲ್ಲಿನಲ್ಲಿ ಸುತ್ತಿಕೊಂಡು ಮಗುವಿನ ಹಾಗೆ ಎತ್ತಿಕೊಂಡು ಬಂದಿದ್ದರು. ಮುಂದೆ ಸಾಲಾಗಿ ಹತ್ತು ಗುಂಡಿ, ಮೇಲೆ ಕೆಳಗೆ ಸರಿಸುವಂಥವು. ನೀನು ಬಾಗಿಲಲ್ಲೇ ನಿಂತು, “ಹಾಡಿಗೂ ತಲೆ ಬಾಚ್ತೀರೇನ್ರೀ ಇನ್ಮೇಲೆ?” ಅಂದಿದ್ದೆ. ಅಪ್ಪ “ಹೂಂ” ಅಂದಿದ್ದರು.

ಅವರು ನನ್ನನ್ನು ಸ್ಪೀಕರಿನ ಮೇಲೆ ಕೂರಿಸಿಕೊಂಡು ಅದನ್ನು ವಿವರಿಸಿದ್ದು ನನಗೆ ನೆನಪಿದೆ. ಕ್ಯಾಸೆಟ್ ಡೆಕ್ಕಿನಿಂದ ಹೊರಟ ಸದ್ದು ಆಂಪ್ಲಿಫೈಯರಿಗೆ ಹೋಗುವ ದಾರಿಯಲ್ಲಿ ಇದರೊಳಗೆ ಬಂದು ಹತ್ತು ಭಾಗವಾಗುತ್ತದೆ. ಎಡತುದಿಯ ಗುಂಡಿ ಗುಡುಗಿಗೆ, ಬಲತುದಿಯದು ಸೊಳ್ಳೆಗೆ. ನಡುವೆ ನಾವೆಲ್ಲ ಇದ್ದೇವೆ. ಯಾರು ಎಷ್ಟು ಜೋರಾಗಿ ಕೇಳಿಸಬೇಕೋ ಅಷ್ಟು ಮೇಲೆ ಸರಿಸುವುದು.

ಅಪ್ಪ ಸರಿಸಿಟ್ಟಿದ್ದು ಹೇಗೆ ಅಂತ ನೀನು ಮರೆತಿರಲಾರೆ. ಮೊದಲ ಐದು ಗುಂಡಿ ನಡುಮಧ್ಯದಲ್ಲಿ. ಆರನೆಯದು ಸ್ವಲ್ಪ ಮೇಲೆ. ಏಳನೆಯದು ಇನ್ನೂ ಮೇಲೆ. ಎಂಟನೆಯದು ತುದಿಮುಟ್ಟ. ಒಂಬತ್ತು, ಹತ್ತು ಅದಕ್ಕಿಂತ ತುಸು ಕೆಳಗೆ. ಹಾಡು ಹಾಕಿದರೆ ನಮ್ಮ ಹಲ್ಲು ಜುಮ್ಮೆನ್ನುತ್ತಿತ್ತು. ನನ್ನ ತಮ್ಮನ ಹಾಡು ಕೇಳೋದೂ ಒಂದೇ, ತಗಡು ಕೆರೆಯೋದು ಕೇಳೋದೂ ಒಂದೇ ಅಂತ ಅತ್ತೆ ಈಗಲೂ ಹೇಳುತ್ತಾರೆ. ದಿನವಿಡೀ ಕಾರ್ಖಾನೆಯಲ್ಲಿ ಬಾಟಲಿ ಮುಚ್ಚಳ ಒತ್ತುವ ಯಂತ್ರದ ಮುಂದೆ ನಿಂತು ಬಂದವನಿಗೆ ಮನೆಯಲ್ಲೂ ಅದೇ ಸದ್ದು ಬೇಕಲ್ಲ ಅಂತ ಅವರ ಗೊಣಗಾಟ. ನಾವು ಯಾರಾದರೂ ಗುಂಡಿಗಳನ್ನು ಮಧ್ಯಕ್ಕೆ ತಂದಿಟ್ಟರೆ ಅಪ್ಪ ಬಂದು, ಬೈಯದೆ, ಒಂದೊಂದನ್ನೇ ಮತ್ತೆ ಏರಿಸುತ್ತಿದ್ದರು. ಅದು ಅವರ ರುಚಿ ಅಂದುಕೊಂಡೆವು. ಖಾರ ಜಾಸ್ತಿ ತಿನ್ನುವವರು ಇರುವುದಿಲ್ಲವೇ, ಹಾಗೆ. ಒಂದೇ ಸೂರಿನಡಿ ಇದ್ದ ಮೂವರಲ್ಲಿ ಒಬ್ಬರಿಗಾದರೂ ಬೇರೆ ಯೋಚನೆ ಬರಲಿಲ್ಲ.

ನೀನು ಹೋದ ಮೇಲೆ ನಡೆದದ್ದೊಂದನ್ನು ಹೇಳಬೇಕು. ಎರಡು ತಿಂಗಳಾಗಿರಬೇಕು. ಅತ್ತೆ ಧೂಳು ಒರೆಸುವಾಗ ಗುಂಡಿಗಳು ಅತ್ತಿತ್ತ ಸರಿಯುತ್ತಿದ್ದವು. ಒಂದು ಬೆಳಿಗ್ಗೆ ಅಪ್ಪ ಕನ್ನಡಿಯ ಡ್ರಾಯರಿನಿಂದ ನೀನು ಬಿಟ್ಟುಹೋಗಿದ್ದ ಕೆಂಪು ನೇಲ್ ಪಾಲಿಶ್ ಬಾಟಲಿ ತೆಗೆದುಕೊಂಡು, ನಾಲಿಗೆ ಹಲ್ಲಿನ ನಡುವೆ ಕಚ್ಚಿಕೊಂಡು, ಪ್ರತಿ ಗುಂಡಿ ನಿಲ್ಲಬೇಕಾದ ಜಾಗದಲ್ಲಿ ಒಂದೊಂದು ಚುಕ್ಕೆ ಇಟ್ಟರು. ಹತ್ತು ಚುಕ್ಕೆ. ಕೋಣೆಯೆಲ್ಲ ನೀನು ಎಲ್ಲೋ ಹೊರಡಲು ತಯಾರಾಗುವಾಗಿನ ವಾಸನೆ. ನಾನು ಹೊರಗೆ ಓಡಿಹೋಗಿ ಮೆಟ್ಟಿಲ ಮೇಲೆ ಕುಳಿತೆ.

ಅಪ್ಪ ಹೋದ ಮೇಲೆ ಆ ಯಂತ್ರವನ್ನು ಮುಟ್ಟಲು ನನಗೆ ಕೈ ಬರಲಿಲ್ಲ. ಸ್ವಿಚ್ ಆರಿಸಲೂ ಇಲ್ಲ. ಪ್ರತಿ ಗುಂಡಿಯ ಮೇಲೂ ಸಣ್ಣ ದೀಪಗಳ ಸಾಲಿದೆಯಲ್ಲ, ಸದ್ದಿಗೆ ತಕ್ಕ ಹಾಗೆ ಏರಿ ಇಳಿಯುವಂಥದ್ದು. ಮೂರನೇ ವಾರ ಅತ್ತೆ ಅಡುಗೆಮನೆಗೆ ಬಂದು ನನ್ನ ಕೈ ಹಿಡಿದುಕೊಂಡರು. ಡೆಕ್ ಓಡುತ್ತಿಲ್ಲ, ಹಾಡಿಲ್ಲ, ಆದರೂ ಎಡಗಡೆಯ ಎರಡು ದೀಪ ಹತ್ತುತ್ತಿವೆ ಅಂದರು. ಹೋಗಿ ನೋಡಿದೆ. ನಿಜ. ಅಪ್ಪನ ಖಾಲಿ ಕುರ್ಚಿಯ ಮುಂದೆ, ಹಾಡುಹಗಲಲ್ಲಿ, ಎರಡು ಕೆಂಪು ದೀಪ ಕೊಂಚ ಹೊತ್ತು ಹತ್ತಿ, ಕೊಂಚ ಹೊತ್ತು ಆರಿ, ಮತ್ತೆ ಹತ್ತಿದವು. “ಉಸಿರಾಡ್ತಿದಾನೆ ಕಣೇ,” ಅಂದರು ಅತ್ತೆ. ನಾನು ಸಾಹಿತ್ಯ ಓದಿದವಳು, ಇಂಥ ಮಾತಿಗೆ ನಗುವಷ್ಟು ಓದಿದ್ದೇನೆ. ನಗು ಬರಲಿಲ್ಲ. ಇಬ್ಬರೂ ಬಾಗಿಲು ಎಳೆದುಕೊಂಡು ಬಂದೆವು.

ನಾಲ್ಕು ದಿನ ಸಹಿಸಿಕೊಂಡು ಸೋಲ್ಡರ್ ಮಾಮನನ್ನು ಕರೆಸಿದೆ. ಈಗ ಅವರ ತಲೆಯಲ್ಲಿ ಒಂದು ಕೂದಲೂ ಇಲ್ಲ, ಆದರೆ ಕಿವಿಯ ಮೇಲೆ ಪೆನ್ಸಿಲ್ ಸಿಕ್ಕಿಸಿಕೊಳ್ಳುವುದು ಬಿಟ್ಟಿಲ್ಲ. ಅವರು ನೇರವಾಗಿ ಹೋಗಿ ಫ್ರಿಜ್ಜಿನ ವಯರ್ ಕಿತ್ತರು. ದೀಪ ಆರಿತು. ಫ್ರಿಜ್ ಗುರ್ ಎಂದಾಗಲೆಲ್ಲ ಅದರ ಗುಂಯ್‌ಗುಟ್ಟುವಿಕೆ ಕರೆಂಟಿನ ದಾರಿಯಲ್ಲೇ ಬಂದು ಸೇರುತ್ತದಂತೆ. ಅಗ್ಗದ ಮಾಲಿಗೆ ಅದು ಇದ್ದದ್ದೇ. “ಭೂತಾನೂ ಇಲ್ಲ, ಪ್ರೇತಾನೂ ಇಲ್ಲ. ನಿಮ್ಮ ಮನೆ ತರಕಾರಿ ಉಸಿರಾಡ್ತಿದೆ ಅಷ್ಟೇ,” ಅಂದರು. ಸರಿಮಾಡಿ ಕೊಡಲಾ ಅಂತ ಕೇಳಿದರು. ಅತ್ತೆ ಸೆರಗಿನಿಂದ ಬಾಯಿ ಒರೆಸಿಕೊಂಡು, ಬೇಡ, ಹಾಗೇ ಇರಲಿ ಅಂದುಬಿಟ್ಟರು. ಅವತ್ತಿನಿಂದ ಅವರೇ ಆ ಕೋಣೆಯಲ್ಲಿ ಕುಳಿತು ತರಕಾರಿ ಹೆಚ್ಚುತ್ತಾರೆ.

ಹೊರಡುವ ಮೊದಲು ಸೋಲ್ಡರ್ ಮಾಮ ಚುಕ್ಕೆಗಳನ್ನು ನೋಡಿ ತಲೆಯಾಡಿಸಿದರು. ನಿಮ್ಮಪ್ಪನಿಗೆ ಎಷ್ಟು ಸಲ ಹೇಳಿದೆ, ಈ ಯಂತ್ರದಲ್ಲಿ ಏರಿಸಿದರೆ ಬರೀ ಬುಸ್ ಅನ್ನುತ್ತೆ, ಮೊದಲು ಎಲ್ಲ ಮಧ್ಯಕ್ಕೆ ತನ್ನಿ, ಆಮೇಲೆ ಯಾವುದು ಹೆಚ್ಚಾಯ್ತೋ ಅದನ್ನು ಇಳಿಸಿ, ಇಳಿಸೋದನ್ನ ಕಲೀರಿ ಅಂತ. ನಿಮ್ಮಪ್ಪ ಹೂಂ ಹೂಂ ಅಂತ ನನ್ನ ಮುಖವನ್ನೇ ನೋಡ್ತಿದ್ದ ಅಂದರು. ಆ ಮಾತು ನನ್ನ ತಲೆಯಲ್ಲಿ ಮುಳ್ಳಿನ ಹಾಗೆ ಉಳಿಯಿತು.

ನಾನು ಕೆಲಸಕ್ಕೆ ಸೇರಿದ ವಿಷಯ ಬರೆದಿದ್ದೆನಲ್ಲ, ಕಿವಿ ಪರೀಕ್ಷೆಯ ಕ್ಲಿನಿಕ್ಕಿಗೆ. ಬಂದವರ ಹೆಸರು, ವಯಸ್ಸು, ಉದ್ಯೋಗ ಬರೆದುಕೊಂಡು, ಪರೀಕ್ಷೆಯಾದ ಮೇಲೆ ರಿಪೋರ್ಟನ್ನು ಲಕೋಟೆಗೆ ಹಾಕಿ ಕೊಡುವುದು. ಅವರಿಗೆ ಕಿವಿ ಕೇಳಿಸುವುದಿಲ್ಲ, ನನಗೆ ದನಿ ಏಳುವುದಿಲ್ಲ. ಮೊದಲ ವಾರವಿಡೀ ಚೀಟಿಯಲ್ಲಿ ಬರೆದೇ ಮಾತಾಡಿದೆವು. ಪರೀಕ್ಷೆ ಮಾಡುವ ಮೇಡಂ, “ಈ ಸೀಟಿಗೆ ನಿನ್ನಂಥೋಳನ್ನ ಹುಡುಕಿ ತಂದ ನನ್ನ ಬುದ್ಧಿಗೆ ಏನು ಹೇಳ್ಬೇಕು,” ಅಂತ ದಿನಕ್ಕೊಂದು ಸಲ ಅನ್ನುತ್ತಾರೆ. ಸಿಟ್ಟಿಲ್ಲ ಅದರಲ್ಲಿ.

ಆ ರಿಪೋರ್ಟಿನಲ್ಲಿ ಒಂದು ಗೆರೆ ಇರುತ್ತದೆ. ಎಡಗಡೆ ಗುಡುಗು, ಬಲಗಡೆ ಸೊಳ್ಳೆ. ಯಾವ ಸದ್ದು ಕೇಳಿಸುವುದಿಲ್ಲವೋ ಅಲ್ಲಿ ಗೆರೆ ಕೆಳಕ್ಕೆ ಬೀಳುತ್ತದೆ. ಹೋದ ತಿಂಗಳು ಗರಗಸದ ಮಿಲ್ಲಿನವರೊಬ್ಬರು ಬಂದಿದ್ದರು. ಅವರ ಗೆರೆ ಐದು ಮನೆಗಳವರೆಗೆ ನೇರವಾಗಿ ನಡೆದು, ಆಮೇಲೆ ಜಾರಿ, ಬಲಗಡೆ ಒಂದು ಕಡೆ ಬಾವಿಗೆ ಬಿದ್ದ ಹಾಗೆ ಬಿದ್ದು, ಮತ್ತೆ ಸ್ವಲ್ಪ ಮೇಲಕ್ಕೆ ತೆವಳಿತ್ತು. ಲಕೋಟೆಗೆ ಹಾಕಲು ಮಡಿಸುವಾಗ ಹಾಳೆಯ ಕೆಳತುದಿ ಮೇಲಕ್ಕೆ ಮಗುಚಿ, ಗೆರೆ ಹಿಂಬದಿಯಿಂದ ತಲೆಕೆಳಗಾಗಿ ಕಂಡಿತು. ನಾನು ಹಾಗೇ ನಿಂತೆ. ಆ ಆಕಾರ ನನಗೆ ಗೊತ್ತು. ಹದಿನೈದು ವರ್ಷದಿಂದ ಊಟ ಮಾಡುವಾಗಲೆಲ್ಲ ಎದುರಿಗೆ ನೋಡಿದ್ದೇನೆ.

ಅವತ್ತು ಸಂಜೆ ಈಕ್ವಲೈಜರಿನ ಮೇಲೆ ತೆಳು ಹಾಳೆ ಇಟ್ಟು ಹತ್ತೂ ಚುಕ್ಕೆಗಳನ್ನು ಪೆನ್ಸಿಲಿನಲ್ಲಿ ಗುರುತು ಮಾಡಿ ಗೆರೆಯಿಂದ ಸೇರಿಸಿದೆ. ಮರುದಿನ ಅದನ್ನೂ ಹಾಗೆಯೇ ಮೇಲಿಂದ ಕೆಳಕ್ಕೆ ಮಗುಚಿ ಮೇಡಂ ಮೇಜಿನ ಮೇಲೆ ಇಟ್ಟೆ. ಅವರು ಕನ್ನಡಕ ಏರಿಸಿ, “ಯಾರದ್ದೇ ಇದು? ಹೆಸರಿಲ್ಲ, ವಯಸ್ಸಿಲ್ಲ. ಗದ್ದಲದ ಕಡೆ ಎಷ್ಟು ವರ್ಷ ಕೆಲಸ ಮಾಡಿದಾರೆ ಕೇಳಿ ಬರ್ಕೊಂಡ್ಯಾ?” ಅಂದರು. ನನ್ನ ಕಣ್ಣಲ್ಲಿ ನೀರು ಬಂದದ್ದು ನೋಡಿ ಕೂರಿಸಿದರು. ಆಮೇಲೆ ಎಲ್ಲ ಹೇಳಿದೆ. ಗುಂಡಿ ನೋಡಿ ಕಿವಿ ಅಳೆಯಲಾಗುವುದಿಲ್ಲ, ಹಾಗಂತ ನಾನು ಬರೆದುಕೊಡಲಾರೆ ಅಂದರು. ಆದರೆ ನಿಮ್ಮಪ್ಪ ಮನೆಯಲ್ಲಿ ಹೇಗಿದ್ದರು ಹೇಳು ಅಂತ ಒಂದೊಂದಾಗಿ ಕೇಳತೊಡಗಿದರು.

ಅಮ್ಮಾ, ಕೀ ಕೀ ಅನ್ನುವ ಆ ಪುಟ್ಟ ಅಲಾರಂ ಗಡಿಯಾರಕ್ಕೆ ಅಪ್ಪ ಒಂದು ದಿನವೂ ಎದ್ದದ್ದಿಲ್ಲ. ಸೋಮಾರಿ ಅಂತ ನೀನು ದಿನಾ ಅಲುಗಾಡಿಸಿ ಎಬ್ಬಿಸುತ್ತಿದ್ದೆ. ನೀನು ಹೋದ ಮೇಲೆ ಅವರು ಗಂಟೆ ಬಡಿಯುವ ಹಳೇ ಗಡಿಯಾರವೊಂದನ್ನು ತಂದು, ಸ್ಟೀಲ್ ಡಬ್ಬಿಯೊಳಗೆ ಇಟ್ಟು, ಅದನ್ನು ದಿಂಬಿನ ಪಕ್ಕ ಇಟ್ಟುಕೊಂಡು ಮಲಗುತ್ತಿದ್ದರು. ನಾವು ನಕ್ಕಿದ್ದೆವು. ಏನು ಕೇಳಿದರೂ ಹೂಂ. ಬೆನ್ನ ಹಿಂದಿನಿಂದ ಕರೆದರೆ ಅದೂ ಇಲ್ಲ. ಗೋಡೆಗೆ ಹೇಳಿದ ಹಾಗೆ ಅಂತ ನೀನು. ಇವನು ಹುಟ್ಟುವಾಗಲೇ ಮಾತನ್ನು ಎಲ್ಲೋ ಬಿಟ್ಟು ಬಂದ ಅಂತ ಅತ್ತೆ. ನನ್ನನ್ನು ಮಾತ್ರ ಸ್ಪೀಕರಿನ ಮೇಲೆ, ಬೆಳಕಿಗೆ ಮುಖವಾಗಿ ಕೂರಿಸಿಕೊಂಡು ಪಾಠ ಓದಿಸುತ್ತಿದ್ದರು. ಓದುವಷ್ಟೂ ಹೊತ್ತು ನನ್ನ ಮುಖದಿಂದ ಕಣ್ಣು ಕೀಳುತ್ತಿರಲಿಲ್ಲ. ಅದನ್ನು ಪ್ರೀತಿ ಅಂದುಕೊಂಡಿದ್ದೆ. ಪ್ರೀತಿಯೂ ಇದ್ದಿರಬೇಕು. ಆದರೆ ಅವರು ನನ್ನ ತುಟಿ ನೋಡುತ್ತಿದ್ದರು.

ಅವರಿಗೇ ಇದು ಗೊತ್ತಿತ್ತೇ ಅಂತ ಕೇಳಿದೆ. ಇದು ಒಂದೇ ದಿನ ಬರುವುದಲ್ಲ, ವರ್ಷಗಟ್ಟಲೆ ಮೆಲ್ಲಗೆ ಕಳೆದುಹೋಗುತ್ತದೆ, ಕಿವಿ ಹೋಯ್ತು ಅಂತ ಅನ್ನಿಸುವುದಿಲ್ಲ, ಎಲ್ಲರೂ ಗೊಣಗುವುದನ್ನು ಕಲಿತಿದ್ದಾರೆ ಅನ್ನಿಸುತ್ತದೆ ಅಂದರು ಮೇಡಂ. ಆಮೇಲೆ ಗೊತ್ತಾದರೂ ಹೇಳುವುದಿಲ್ಲ, ಯಂತ್ರದ ಮುಂದಿನಿಂದ ಎಬ್ಬಿಸಿ ಗೇಟು ಕಾಯಲು ಹಾಕುತ್ತಾರೆಂಬ ಹೆದರಿಕೆ.

ಹೋದ ಭಾನುವಾರ ಅತ್ತೆ ಹೊರಗೆ ಹೋಗಿದ್ದರು. ನಾನು ಆ ಕೋಣೆಗೆ ಹೋದೆ. ಡೆಕ್ಕಿನಲ್ಲಿ ಅಪ್ಪ ಕೊನೆಗೆ ಕೇಳಿದ ಕ್ಯಾಸೆಟ್ ಹಾಗೇ ಇತ್ತು. ಯಾವುದೋ ಹಾಡು ಅಂದುಕೊಂಡು ಏಳು ತಿಂಗಳು ತೆಗೆದಿರಲಿಲ್ಲ. ತೆಗೆದೆ. ಮೇಲೆ ಅಪ್ಪನ ದುಂಡಗಿನ ಅಕ್ಷರದಲ್ಲಿ, ‘ಇದಕ್ಕೆ ಹೊಂದಿಸಿದ್ದು.’

ಅದರಲ್ಲಿ ಹಾಡಿಲ್ಲ ಅಮ್ಮಾ. ನೀನಿದ್ದೀಯ. ಡೆಕ್ ಮನೆಗೆ ಬಂದ ದಿನ ಅಪ್ಪ ನಿನ್ನ ಕೈಗೆ ಮೈಕ್ ಕೊಟ್ಟು ಏನಾದರೂ ಮಾತಾಡು ಅಂದಿರಬೇಕು. ನೀನು ನಾಚಿಕೊಂಡು ಒಂದರಿಂದ ಇಪ್ಪತ್ತರವರೆಗೆ ಎಣಿಸಿದ್ದೀಯ. ಹದಿಮೂರಕ್ಕೆ ಬಂದಾಗ ನಗು ತಡೆಯಲಾಗದೆ ನಕ್ಕಿದ್ದೀಯ. ಕೊನೆಗೆ, “ರೀ, ಕೇಳಿಸ್ತಾ?” ಅಂದಿದ್ದೀಯ. ದೂರದಿಂದ ಅಪ್ಪನ ಹೂಂ. ಅಷ್ಟೇ. ಉಳಿದದ್ದು ಖಾಲಿ. ನೀನು ‘ಕೇಳಿಸ್ತಾ’ ಅನ್ನುವ ಜಾಗದಲ್ಲಿ ಟೇಪು ಸವೆದು ದನಿ ನಡುಗುತ್ತದೆ. ಅಷ್ಟು ಸಲ ಹಿಂದಕ್ಕೆ ಸುತ್ತಿದ್ದಾರೆ.

ಅವರ ಚುಕ್ಕೆಗಳ ಮೇಲೆ ಗುಂಡಿ ಇಟ್ಟು ಕೇಳಿದೆ. ನನ್ನ ಕಿವಿಗೆ ಸೂಜಿ ಚುಚ್ಚಿದ ಹಾಗೆ ನಿನ್ನ ದನಿ. ಆಮೇಲೆ ಸೋಲ್ಡರ್ ಮಾಮ ಹೇಳಿದ ಮಾತು ನೆನಪಾಯಿತು, ಇಳಿಸೋದನ್ನ ಕಲೀರಿ ಅಂತ. ಚುಕ್ಕೆ ಮಧ್ಯದಿಂದ ಎಷ್ಟು ಮೇಲಿದೆಯೋ ಪ್ರತಿ ಗುಂಡಿಯನ್ನೂ ಅಷ್ಟೇ ಕೆಳಕ್ಕೆ ಎಳೆದೆ, ಅಪ್ಪನ ಕಿವಿಗೆ ಕೇಳಿಸಿದ ಹಾಗೆ ಕೇಳಲು. ಅಪ್ಪನ ಕುರ್ಚಿಯಲ್ಲಿ ಕುಳಿತೆ.

ಗೋಡೆಯ ಆಚೆ ಯಾರೋ ಹೆಂಗಸು ಇದ್ದಾಳೆ ಅನ್ನುವಷ್ಟು ಮಾತ್ರ ತಿಳಿಯಿತು. ನಾಲ್ಕು ಯಾವುದು, ಐದು ಯಾವುದು ಗೊತ್ತಾಗಲಿಲ್ಲ. ಹದಿಮೂರರ ನಗು ಮಾತ್ರ ದಾಟಿ ಬಂತು. ಈ ಪುಟ್ಟ ಯಂತ್ರ ಇಳಿಸಬಲ್ಲದ್ದಕ್ಕಿಂತ ನಿಜವಾದ ಕಿವುಡು ಎಷ್ಟೋ ಆಳ ಅಂತ ಮೇಡಂ ಹೇಳಿದ್ದರು. ಇಷ್ಟಕ್ಕೇ ಹೀಗೆ. ಎದ್ದುಹೋಗಿ ಅಡುಗೆಮನೆಯ ನಲ್ಲಿಯನ್ನು ಪೂರ್ತಿ ತಿರುಗಿಸಿ ಬಂದು ಮತ್ತೆ ಕುಳಿತೆ. ಆ ಕುರ್ಚಿಯಿಂದ ತೆರೆದ ಬಾಗಿಲಲ್ಲಿ ಸಿಂಕು ಕಾಣುತ್ತದೆ. ನೀರು ಬೀಳುತ್ತಿತ್ತು. ಟೇಪು ಓಡುತ್ತಿತ್ತು, ದೀಪಗಳು ಕುಣಿಯುತ್ತಿದ್ದವು. ನಿನ್ನ ನಗುವೂ ಇಲ್ಲ. ಸಿಂಕಿನ ಮುಂದೆ ನೀನು ಬೆನ್ನು ಹಾಕಿ ನಿಂತಿದ್ದೀಯ ಅಂತ ನನಗೆ ಅನ್ನಿಸಿತು. ಅನ್ನಿಸಿತು ಅಂತ ಬರೆದೆ, ಕಂಡಿತು ಅಂದರೆ ನೀನು ಹೆದರುತ್ತೀಯ. ಹಸಿರು ಅಂಚಿನ ಸೀರೆ. ಭುಜ ಅಲುಗುತ್ತಿತ್ತು. ಏನೋ ಹೇಳುತ್ತಿದ್ದೆ. ನಾನು ಎದ್ದು ನಲ್ಲಿ ನಿಲ್ಲಿಸಲು ಎಷ್ಟೋ ಹೊತ್ತು ಬೇಕಾಯಿತು.

ಆ ಸಂಜೆ ಹೀಗೇ ಇತ್ತಲ್ಲವೇ. ನಾನು ಒಂಬತ್ತು ವರ್ಷದವಳು, ಊಟದ ಮೇಜಿನಲ್ಲಿ ನಕ್ಷೆಗೆ ಬಣ್ಣ ತುಂಬುತ್ತಿದ್ದೆ. ನಿನಗೆ ಬೇರೆ ಊರಿನಲ್ಲಿ ಕೆಲಸ ಸಿಕ್ಕಿದ ಕಾಗದ ಬಂದಿತ್ತು. ಅಪ್ಪ ಆ ಕುರ್ಚಿಯಲ್ಲಿ ಕುಳಿತು ಕ್ಯಾಸೆಟ್ ಒರೆಸುತ್ತಿದ್ದರು. ನೀನು ಪಾತ್ರೆ ತೊಳೆಯುತ್ತ, ತಿರುಗದೆ, ಹೇಳಿದೆ. ಇಲ್ಲಿ ನನ್ನ ಜೊತೆ ಮಾತಾಡುವವರೇ ಇಲ್ಲ, ಹೋಗುತ್ತೇನೆ, ಆದರೆ ನೀವು ಬೇಡ ಅಂದರೆ ಹೋಗುವುದಿಲ್ಲ, “ಬೇಡ ಅನ್ನಿ, ಒಂದು ಸಲ ಅನ್ನಿ” ಅಂದೆ. ಅಪ್ಪ ಏನೂ ಅನ್ನಲಿಲ್ಲ. ನೀನು ನಲ್ಲಿ ನಿಲ್ಲಿಸಿದೆ. ಶನಿವಾರ ಹೊರಟೆ. ಅಷ್ಟೇ ನಡೆದದ್ದು.

ಅಪ್ಪ ಕೇಳಿಯೂ ಕೇಳದ ಹಾಗೆ ಕುಳಿತಿರಲಿಲ್ಲ ಅಮ್ಮಾ. ನೀನು ಹದಿಮೂರು ವರ್ಷ ಹೊತ್ತ ಆ ಮೌನ ಅವರದ್ದಲ್ಲ. ಆಮೇಲೆ ಪ್ರತಿದಿನ ಆ ಕುರ್ಚಿಯಲ್ಲಿ ಕುಳಿತು ಒಂದು ಅಗ್ಗದ ಯಂತ್ರದ ಹತ್ತು ಗುಂಡಿಗಳಿಂದ ಅವರು ನಿನ್ನ ದನಿಯನ್ನು ಮೇಲೆತ್ತಲು ನೋಡುತ್ತಿದ್ದರು. ಆ ಚುಕ್ಕೆಗಳು ನಿನ್ನವು, ಬಣ್ಣವೂ ನಿನ್ನದೇ. ಮನೆ ಖಾಲಿ ಮಾಡುವ ಮೊದಲು ಬಾ. ಒಂದು ಸಲ ಆ ಕುರ್ಚಿಯಲ್ಲಿ ಕುಳಿತು ಕೇಳು. ಅತ್ತೆಯೂ ಕಾಯುತ್ತಿದ್ದಾರೆ, ಕೇಳಿದರೆ ಒಪ್ಪುವುದಿಲ್ಲ ಅಷ್ಟೇ.

ನಿನ್ನ,
ಇಲಿಮರಿ

ಮರೆತ ಮಾತು: ಮರೆತದ್ದಲ್ಲ. ಲಕೋಟೆಗೆ ಅಂಟು ಹಚ್ಚಿ ಮತ್ತೆ ಬಿಚ್ಚಿದ್ದೇನೆ. ಅಷ್ಟೇ ನಡೆದದ್ದು ಅಂತ ಮೇಲೆ ಬರೆದೆನಲ್ಲ, ಅಷ್ಟೇ ಅಲ್ಲ. ನಲ್ಲಿ ನಿಲ್ಲಿಸಿದ ಮೇಲೆ ನೀನು ಕೈ ಒರೆಸಿಕೊಂಡು ಮೇಜಿನ ಬಳಿ ಬಂದೆ. ಬಗ್ಗಿ, ನನ್ನ ಕಿವಿಯಲ್ಲಿ, “ಅಪ್ಪ ಕೇಳಿಸ್ಕೊಂಡ್ರು ತಾನೇ?” ಅಂದೆ. ನಾನು ಅಪ್ಪನ ಕಡೆ ನೋಡಿದೆ. ಅವರು ತಲೆಯೆತ್ತಿ ನನ್ನನ್ನು ನೋಡಿ ನಕ್ಕರು. ಆ ನಗು ನನಗೆ ಗೊತ್ತಿತ್ತು. ಏನೂ ಕೇಳಿಸದಿದ್ದಾಗ ಅವರು ನಗುತ್ತಿದ್ದ ನಗು ಅದು. ಕಿವಿಯ ಕಾಯಿಲೆ ಅಂತ ಗೊತ್ತಿರಲಿಲ್ಲ, ಆದರೆ ಈಗ ಕೇಳಿಸಿಲ್ಲ ಅಂತ ಗೊತ್ತಿತ್ತು. ಇಲ್ಲ ಅಂದರೆ ನೀನು ಅದನ್ನೇ ಜೋರಾಗಿ ಹೇಳುತ್ತಿದ್ದೆ, ಜಗಳವಾಗುತ್ತಿತ್ತು. ಆ ಸಂಜೆ ಮನೆ ಸದ್ದಿಲ್ಲದೆ ಇತ್ತು, ಹಾಗೇ ಇರಲಿ ಅನ್ನಿಸಿತು. ಹೌದು ಅಂತ ತಲೆಯಾಡಿಸಿದೆ.

ಈ ಮನೆಯಲ್ಲಿ ನಿನ್ನ ಮಾತು ಕೇಳಿಸದಿದ್ದದ್ದು ಅಪ್ಪನಿಗೆ, ನನಗಲ್ಲ. ಇದನ್ನು ಓದಿದ ಮೇಲೂ ಬರುವುದಾದರೆ ಬೆಲ್ ಒತ್ತಬೇಡ, ಅದು ಅಪ್ಪ ತಾವೇ ಹಾಕಿಸಿದ ಭಾರೀ ಸದ್ದಿನದು, ಅತ್ತೆಯ ಎದೆ ಹಾರುತ್ತದೆ. ಗೇಟಿನಲ್ಲಿ ನಿಂತು ಕರೆ. ಎಷ್ಟು ಮೆಲ್ಲಗೆ ಕರೆದರೂ ನನಗೆ ಕೇಳಿಸುತ್ತದೆ.